ಗಾಜಿನ ತೊಟ್ಟಿಯ ಮಂದಗಾಮಿ ಸಸ್ಯ

ಕಳೆದ ವಾರ್ಷಿಕೋತ್ಸವದ ದಿನ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಆದ ಮಹನೀಯರೊಬ್ಬರು ವಿಜ್ಞಾನದ ಕೊಠಡಿಯಲ್ಲಿರುವ ಗಾಜಿನ ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತಿದ್ದರು. ಆ ತೊಟ್ಟಿಯನ್ನು ಕೊಡಿಸಿದವರಲ್ಲಿ ಅವರೂ ಒಬ್ಬರು. ನಾನು ಸಮೀಪಕ್ಕೆ ಹೋದಾಗ, "ಪಂಡಿತರೇ, ಎರಡು ವರ್ಷ ತುಂಬಿತು. ಹಿಂದುಗಡೆಯ ಗಿಡಗಳೇನೋ ನೀರಿನ ಮೇಲಕ್ಕೇ ಬಂದಿವೆ. ಮುಂದುಗಡೆ ಮಾತ್ರ ಇನ್ನೂ ಮರಳೇ ಕಾಣುತ್ತಿದೆಯಲ್ಲ! ಅಲ್ಲಿಗೆ ಪ್ಲಾಸ್ಟಿಕ್ಕಿನ ಹುಲ್ಲು ಹಾಸಿಸಿಬಿಡೋಣವೇ? ಅದರ ವೆಚ್ಚವನ್ನೂ ನಾನೇ ಕೊಡುತ್ತೇನೆ" ಎಂದರು. ಅವರ ಮಾತಿನಲ್ಲಿ ಆಕ್ಷೇಪಣೆಯೇನೂ ಇರಲಿಲ್ಲ; ಶಾಲೆಯ ಮೇಲಿನ ಅಭಿಮಾನವೇ ಇತ್ತು. ಅತಿಥಿಗಳ ನೂಕುನುಗ್ಗಲಿನಲ್ಲಿ ನಾನು ಸಮರ್ಪಕವಾದ ಉತ್ತರವನ್ನು ಕೊಡಲಾಗಲಿಲ್ಲ. ಆ ಉತ್ತರವನ್ನು ಈ ಸ್ಮರಣ ಸಂಚಿಕೆಯ ಮೂಲಕ ಅವರಿಗೂ, ಅವರಂತೆಯೇ ಕೇಳಬಹುದಾದ ಇತರ ಹಿತೈಷಿಗಳಿಗೂ ಒಪ್ಪಿಸುತ್ತಿದ್ದೇನೆ.

ಕನ್ನಡ ಪಾಠ ಹೇಳುವವನಿಗೆ ಜಲಸಸ್ಯಗಳ ಗೊಡವೆಯೇಕೆ ಎಂದು ಯಾರಾದರೂ ಕೇಳಬಹುದು. 1025ರ ಸುಮಾರಿನಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಅಧ್ಯಾಯವು ಮೀಸಲಾಗಿದೆ. ಗಿಡದ ಆರೈಕೆಯನ್ನು ಕುರಿತು ಬರೆಯುವುದು ನಮ್ಮ ಪಂಡಿತರಿಗೆ ಹೊಸದಲ್ಲ. ಅದಲ್ಲದೆ, ವಿಜ್ಞಾನದ ಶಿಕ್ಷಕರಿಗೆ ಪ್ರಯೋಗಶಾಲೆಯ ಹೊರೆ ಅಧಿಕವಾಗಿದ್ದುದರಿಂದ ತೊಟ್ಟಿಯ ನಿತ್ಯದ ಉಸ್ತುವಾರಿಯು ನನ್ನ ಪಾಲಿಗೆ ಬಂದಿತು. ಅಲ್ಲಿ ನಾನು ಮಾಡಿದ ತಪ್ಪುಗಳನ್ನೂ ಮುಚ್ಚಿಡದೆ ಹೇಳುತ್ತೇನೆ.

ಸಸ್ಯದ ಹೆಸರು ಮತ್ತು ಕುಲ

ತೊಟ್ಟಿಯ ಮುಂಭಾಗದಲ್ಲಿ ನಾವು ನೆಟ್ಟಿರುವ ಸಸ್ಯದ ಶಾಸ್ತ್ರೀಯ ನಾಮವು ಕ್ರಿಪ್ಟೊಕೊರೈನ್ ಪಾರ್ವ ಎಂಬುದು. ಗ್ರೀಕ್ ಭಾಷೆಯಲ್ಲಿ 'ಕ್ರಿಪ್ಟೋಸ್' ಎಂದರೆ ಗೂಢವಾದದ್ದು, 'ಕೊರುನೆ' ಎಂದರೆ ಗದೆ. ಈ ಜಾತಿಯ ಗಿಡಗಳಲ್ಲಿ ಗದೆಯಾಕಾರದ ಪುಷ್ಪಮಂಜರಿಯು ಒಂದು ಕೊಳವೆಯ ತಳದಲ್ಲಿ ಅಡಗಿಕೊಂಡಿರುವುದರಿಂದ ಈ ಹೆಸರು ಬಂದಿದೆ. ನಾವು ಅದನ್ನು 'ಗೂಢಗದೆ' ಎಂದು ಕರೆದರೆ ಅರ್ಥಕ್ಕೆ ಲೋಪವಾಗದು. ನಮ್ಮ ಮಕ್ಕಳು ಹಾಗೆಯೇ ಕರೆಯುತ್ತಾರೆ. ಇನ್ನು 'ಪಾರ್ವ' ಎಂಬ ಮಾತು ಕಿವಿಗೆ ನಮ್ಮ ಪರ್ವ ಶಬ್ದದಂತೆ ಕೇಳಿದರೂ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಲ್ಯಾಟಿನ್ ಪದ, ಚಿಕ್ಕದು ಎಂದರ್ಥ. ತನ್ನ ಕುಲದಲ್ಲೆಲ್ಲ ಅತ್ಯಂತ ಚಿಕ್ಕದಾದುದರಿಂದ ಹಾಲೆಂಡಿನ ಸಸ್ಯಶಾಸ್ತ್ರಜ್ಞರಾದ ಡಿ ವಿಟ್ ಎಂಬವರು 1970ರಲ್ಲಿ ಇದಕ್ಕೆ ಆ ಹೆಸರನ್ನಿಟ್ಟರು.

ಇದರ ತೌರುಮನೆ ಶ್ರೀಲಂಕೆ. ಅಲ್ಲಿಯ ನಡುನಾಡಿನ ಗುಡ್ಡಗಾಡಿನಲ್ಲಿ, ಹೊಳೆ ಹಳ್ಳಗಳ ಅಂಚಿನಲ್ಲಿ ಮಾತ್ರ ಇದು ತಾನಾಗಿ ಬೆಳೆಯುತ್ತದೆ. ಲೋಕದಲ್ಲಿ ಬೇರೆಲ್ಲಿಯೂ ಇದಕ್ಕೆ ಸಹಜವಾದ ನೆಲೆಯಿಲ್ಲ. ಆದರೆ ಇದರ ಬಂಧುಬಳಗವು ನಮಗೆ ಅಪರಿಚಿತವಲ್ಲ. ಮನೆಯ ಹಿತ್ತಿಲ ಕೆಸು, ಸುವರ್ಣಗಡ್ಡೆ, ಕೆರೆಯ ಮೇಲೆ ತೇಲುವ ಅಂತರಗಂಗೆ ಇವೆಲ್ಲವೂ ಇದೇ ಕುಟುಂಬಕ್ಕೆ ಸೇರಿದವು. ಅಂತರಗಂಗೆಯನ್ನು ನೋಡಿದವರಿಗೆ ಗೂಢಗದೆಯ ಆಕಾರವನ್ನು ವಿವರಿಸುವುದು ಸುಲಭ. ಅಂತರಗಂಗೆಯಲ್ಲಿ ಕಾಂಡವು ಮೇಲಕ್ಕೆ ನೀಳವಾಗಿ ಏಳುವುದಿಲ್ಲ. ಎಲೆಗಳೆಲ್ಲವೂ ಒಂದೇ ಬುಡದಿಂದ ಹೊರಟು, ಅರಳಿದ ಹೂವಿನ ಎಸಳುಗಳಂತೆ ಸುತ್ತಲೂ ಹರಡಿಕೊಳ್ಳುತ್ತವೆ. ಗೂಢಗದೆಯ ಕ್ರಮವೂ ಅದೇ. ಭೇದವೆಂದರೆ ಅಂತರಗಂಗೆಯು ತೇಲುತ್ತದೆ, ಇದು ನೆಲದಲ್ಲಿ ಬೇರೂರಿ ನೀರಿನೊಳಗೇ ಇರುತ್ತದೆ. ಅಂತರಗಂಗೆಯು ಒಂದು ಮಳೆಗಾಲದಲ್ಲಿ ಕೆರೆಯನ್ನೇ ಮುಚ್ಚಬಲ್ಲುದು, ಇದು ಒಂದು ಅಂಗೈಯಗಲ ಹಬ್ಬುವುದಕ್ಕೆ ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ. ನೀರಿನೊಳಗೆ ಇದರ ಎತ್ತರ ಸಾಮಾನ್ಯವಾಗಿ ಎರಡು ಅಂಗುಲ. ಎಲೆಯ ತೊಟ್ಟಿಗೂ ಹರಹಿಗೂ ಅಗಲದಲ್ಲಿ ಹೆಚ್ಚು ವ್ಯತ್ಯಾಸವಿಲ್ಲದೆ ನೋಡುವುದಕ್ಕೆ ಗರಿಕೆಯ ಕುಡಿಗಳ ಕಂತೆಯಂತೆ ಕಾಣುತ್ತದೆ.

ಏಕಿಷ್ಟು ನಿಧಾನ?

ಗಿಡವು ಬೆಳೆಯುವುದಕ್ಕೆ ಬೆಳಕು ಬೇಕು, ಇಂಗಾಲದ ಡೈಆಕ್ಸೈಡ್ ಬೇಕು. ಗಾಳಿಯಲ್ಲಿ ಆ ಅನಿಲವು ಸಂಚರಿಸುವ ವೇಗಕ್ಕೆ ಹೋಲಿಸಿದರೆ ನಿಂತ ನೀರಿನಲ್ಲಿ ಅದು ಸುಮಾರು ಹತ್ತು ಸಾವಿರ ಪಾಲು ನಿಧಾನವಾಗಿ ಸಂಚರಿಸುತ್ತದೆ. ಆದಕಾರಣ ನೀರಿನೊಳಗಿನ ಎಲ್ಲ ಸಸ್ಯಗಳಿಗೂ ಈ ಆಹಾರದ ಅಭಾವವಿರುತ್ತದೆ. ಹೈಡ್ರಿಲ್ಲದಂತಹ ಗಿಡಗಳು ಉದ್ದವಾಗಿ ಮೇಲಕ್ಕೆ ಬೆಳೆದು, ಬೆಳಕು ಹೆಚ್ಚಾಗಿರುವಲ್ಲಿಗೇ ತಲುಪಿ ಈ ತೊಂದರೆಯಿಂದ ಪಾರಾಗುತ್ತವೆ. ಗೂಢಗದೆಗೆ ಆ ಸಾಮರ್ಥ್ಯವಿಲ್ಲ. ಅದು ತಳದಲ್ಲಿಯೇ ಇರಬೇಕು. ತಳಕ್ಕೆ ಬೆಳಕು ಸೋಸಿಕೊಂಡು ಬರುತ್ತದೆ. ಬಂದ ಬೆಳಕನ್ನು ಹಿಡಿಯುವುದಕ್ಕೆ ಎಲೆಯ ಅಗಲವೂ ಸಾಲದು. ದುಡಿಮೆ ಕಡಿಮೆಯಾದ ಕುಟುಂಬದಂತೆ ಅದು ಮಿತವ್ಯಯದಿಂದ ಬಾಳುತ್ತದೆ. ನಮ್ಮ ತೊಟ್ಟಿಯಲ್ಲಿ ಒಂದು ಗಿಡವು ತಿಂಗಳಿಗೆ ಒಂದೋ ಎರಡೋ ಹೊಸ ಎಲೆಗಳನ್ನು ಬಿಡುತ್ತದೆ, ಅಷ್ಟೆ.

ಎಲೆಗೆ ಹೀಗೆ ಕಡಿಮೆ ವೆಚ್ಚ ಮಾಡುವ ಈ ಗಿಡವು ತನ್ನ ಗಳಿಕೆಯನ್ನು ಮರಳಿನೊಳಗೆ ಕೂಡಿಡುತ್ತದೆ. ಬುಡದಲ್ಲಿ ಶುಂಠಿಯ ಗಡ್ಡೆಯನ್ನು ಹೋಲುವ, ಆದರೆ ಅತಿ ಸಣ್ಣದಾದ ಒಂದು ಬೇರುಕಾಂಡವಿರುತ್ತದೆ. ಅಲ್ಲಿಂದ ಬಿಳಿಯ ಬೇರುಗಳು ಗಿಡದ ಎತ್ತರಕ್ಕಿಂತ ಹೆಚ್ಚು ಆಳಕ್ಕೆ ಇಳಿಯುತ್ತವೆ. ಅಲ್ಲಿಂದಲೇ ಪಕ್ಕಕ್ಕೆ ಹಂಬು ಹರಿದು, ಸ್ವಲ್ಪ ದೂರದಲ್ಲಿ ಮರಿಗಿಡವೊಂದು ತಲೆಯೆತ್ತುತ್ತದೆ. ಈ ಸಸ್ಯದ ಪ್ರಾಣವಿರುವುದು ಎಲೆಯಲ್ಲಿ ಅಲ್ಲ, ಆ ಬೇರುಕಾಂಡದಲ್ಲಿ. ಈ ಒಂದು ಸಂಗತಿಯನ್ನು ತಿಳಿಯದೆ ಹೋದುದರಿಂದಲೇ ನನ್ನಿಂದ ಮೊದಲ ತಪ್ಪು ಸಂಭವಿಸಿತು.

ಹನ್ನೊಂದು ಗಿಡಗಳನ್ನು ಎಸೆದ ಕಥೆ

ಬೆಂಗಳೂರಿನಿಂದ ಮೂರು ಸಣ್ಣ ಕುಂಡಗಳಲ್ಲಿ ಗಿಡಗಳನ್ನು ತರಿಸಿದೆವು. ಬಿಡಿಸಿ ನೆಟ್ಟಾಗ 24 ಸಸಿಗಳಾದವು. ಹಚ್ಚಹಸುರಾಗಿದ್ದ ಆ ಎಲೆಗಳನ್ನು ಕಂಡು ಮಕ್ಕಳು ಹಿಗ್ಗಿದರು. ಎರಡನೆಯ ವಾರಕ್ಕೆ ಎಲೆಗಳು ಗಾಜಿನಂತೆ ಪಾರದರ್ಶಕವಾಗತೊಡಗಿದವು. ಮೂರನೆಯ ವಾರಕ್ಕೆ ಬೆಂದ ಸೊಪ್ಪಿನಂತೆ ಕರಗಿ, ಮುಟ್ಟಿದರೆ ಲೋಳೆಯಾಗಿ ಬೆರಳಿಗೆ ಅಂಟಿಕೊಂಡವು. ಸತ್ತ ಗಿಡದಿಂದ ನೀರು ಕೆಡುವುದೆಂದು ಹೆದರಿ, ಒಂದು ಮಧ್ಯಾಹ್ನ ನಾನೇ ಅವುಗಳನ್ನು ಒಂದೊಂದಾಗಿ ಕಿತ್ತು ಬಕೀಟಿಗೆ ಹಾಕಿದೆ. ಬಕೀಟು ತಿಪ್ಪೆಗೆ ಹೋಯಿತು. ಹನ್ನೆರಡನೆಯದನ್ನು ಕೀಳುವಾಗ ಎಂಟನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಬಳಿಯಲ್ಲಿ ನಿಂತು ನೋಡುತ್ತಿದ್ದಳು. "ಗುರುಗಳೇ, ಬೇರು ಇನ್ನೂ ಬೆಳ್ಳಗೈತಲ್ರಿ. ಸತ್ತಿದ್ರೆ ಕರ್ರಗಾಗ್ತಿರಲಿಲ್ಲೇನ್ರಿ?" ಎಂದಳು. ನಾನು ನೋಡಿದೆ. ಬೇರು ಬೆಳ್ಳಗಿತ್ತು; ಬೇರುಕಾಂಡವು ಗಟ್ಟಿಯಾಗಿತ್ತು. ಆ ಹನ್ನೆರಡನೆಯದನ್ನು ಇದ್ದಲ್ಲಿಯೇ ಮತ್ತೆ ನೆಟ್ಟೆ. ಉಳಿದವುಗಳನ್ನು ಮುಟ್ಟಲಿಲ್ಲ. ಐದನೆಯ ವಾರದ ಕೊನೆಯಲ್ಲಿ ಮರಳಿನೊಳಗಿಂದ ಸೂಜಿಯ ಮೊನೆಯಂತಹ ಹಸುರು ಕುಡಿಗಳು ಕಾಣಿಸಿಕೊಂಡವು. ಉಳಿದಿದ್ದ 13 ಗಿಡಗಳೂ ಚಿಗುರಿದವು. ಎಸೆದ 11 ಗಿಡಗಳೂ ಬದುಕಿದ್ದವೆಂಬುದರಲ್ಲಿ ಈಗ ನನಗೆ ಸಂದೇಹವಿಲ್ಲ.

ಈ ಕರಗುವಿಕೆಯ ಕಾರಣವನ್ನು ಆಮೇಲೆ ತಿಳಿದುಕೊಂಡೆ. ಮಾರಾಟಕ್ಕಾಗಿ ಬೆಳೆಸುವವರು ಈ ಗಿಡಗಳನ್ನು ಸಾಮಾನ್ಯವಾಗಿ ನೀರಿನೊಳಗೆ ಬೆಳೆಸುವುದಿಲ್ಲ. ತೇವ ತುಂಬಿದ ಗಾಳಿಯಲ್ಲಿ, ಬೇರು ಮಾತ್ರ ನೀರಿನಲ್ಲಿರುವಂತೆ ಬೆಳೆಸುತ್ತಾರೆ. ಹಾಗೆ ಮಾಡಿದರೆ ಬೆಳವಣಿಗೆ ಬೇಗ. ಗಾಳಿಯಲ್ಲಿ ಹುಟ್ಟಿದ ಎಲೆಗೆ ಮೇಣದ ಹೊದಿಕೆಯೂ ಉಸಿರಾಟಕ್ಕೆ ಪತ್ರರಂಧ್ರಗಳೂ ಇರುತ್ತವೆ. ಅದೇ ಎಲೆಯನ್ನು ನೀರಿನಲ್ಲಿ ಮುಳುಗಿಸಿದರೆ ಆ ಹೊದಿಕೆಯೇ ಅದಕ್ಕೆ ಬಂಧನವಾಗುತ್ತದೆ. ಆಗ ಗಿಡವು ಹಳೆಯ ಎಲೆಗಳನ್ನು ತ್ಯಜಿಸಿ, ಬೇರುಕಾಂಡದಲ್ಲಿ ಕೂಡಿಟ್ಟ ಆಹಾರದಿಂದ ನೀರಿಗೆ ಒಗ್ಗುವ ಹೊಸ ಎಲೆಗಳನ್ನು ಬಿಡುತ್ತದೆ. ನೀರಿನಲ್ಲಿಯೇ ನೆಲೆಗೊಂಡ ಗಿಡವೂ ಬೆಳಕು, ಉಷ್ಣತೆ, ನೀರಿನ ಗುಣ ಇವುಗಳಲ್ಲಿ ಯಾವುದಾದರೊಂದು ಥಟ್ಟನೆ ಬದಲಾದರೆ ಹೀಗೆಯೇ ಎಲೆಗಳನ್ನು ಕಳಚಬಹುದು. ಕಿತ್ತು ಬೇರೆಡೆ ನೆಟ್ಟರಂತೂ ಇದು ಬಹುಮಟ್ಟಿಗೆ ಖಂಡಿತ.

ಇದು ರೋಗವಲ್ಲ, ಹೊಳೆಯ ದಂಡೆಯಲ್ಲಿ ಬಾಳುವ ಸಸ್ಯದ ಜಾಣ್ಮೆ ಎಂಬುದನ್ನು ಮನಗಾಣಬೇಕಾದರೆ ನಮ್ಮ ಪಶ್ಚಿಮ ಘಟ್ಟವನ್ನು ನೆನೆಯಬೇಕು. ಗೂಢಗದೆಯ ದಾಯಾದಿಗಳಾದ ಕ್ರಿಪ್ಟೊಕೊರೈನ್ ಸ್ಪೈರಾಲಿಸ್, ಕ್ರಿಪ್ಟೊಕೊರೈನ್ ರೆಟ್ರೊಸ್ಪೈರಾಲಿಸ್ ಎಂಬ ಎರಡು ಸಸ್ಯಗಳು ಘಟ್ಟದ ಹೊಳೆಗಳಲ್ಲಿಯೂ ಅವುಗಳ ದಂಡೆಯಲ್ಲಿಯೂ ಬೆಳೆಯುತ್ತವೆ. ಮಳೆಗಾಲದಲ್ಲಿ ಅವು ಪ್ರವಾಹದಡಿಯಲ್ಲಿ ಮುಳುಗಿರುತ್ತವೆ. ಬೇಸಗೆಯಲ್ಲಿ ನೀರು ಇಳಿದಾಗ ಗಾಳಿಗೆ ಮೈಯೊಡ್ಡುತ್ತವೆ, ಆಗಲೇ ಹೂ ಬಿಡುತ್ತವೆ. ತಿರುಚಿದ ಹೊದಿಕೆಯುಳ್ಳ ಆ ಹೂವಿನ ವಾಸನೆಗೆ ಸಣ್ಣ ನೊಣಗಳು ಬಂದು ಕೊಳವೆಯೊಳಕ್ಕೆ ಜಾರುತ್ತವೆ. ಅಲ್ಲಿ ಕೆಲಕಾಲ ಸೆರೆಯಾಗಿದ್ದು ಪರಾಗವನ್ನು ಹೊತ್ತು ಹೊರಬರುತ್ತವೆ. ವರ್ಷದಲ್ಲಿ ಹೊಳೆಯು ಏರುವುದೂ ಇಳಿಯುವುದೂ ತಪ್ಪದಿರುವಲ್ಲಿ ಒಂದೇ ಬಗೆಯ ಎಲೆಯನ್ನು ನೆಚ್ಚಿಕೊಂಡ ಗಿಡವು ಉಳಿಯಲಾರದು. ಎಲೆಯನ್ನು ಬಿಟ್ಟುಕೊಟ್ಟು ಬುಡವನ್ನು ಉಳಿಸಿಕೊಳ್ಳುವುದು ಈ ಕುಲಕ್ಕೆ ಹೊಳೆಯು ಕಲಿಸಿದ ವಿದ್ಯೆ.

ಮೂವತ್ತು ವರ್ಷ ಪಾಠ ಹೇಳಿದವನು ನಾನು. ಎಂಟನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳನ್ನು ನೋಡಿ, "ಈ ಹುಡುಗನಿಗೆ ವಿದ್ಯೆ ಹತ್ತದು" ಎಂದು ಹೆತ್ತವರೆದುರು ನುಡಿದದ್ದುಂಟು. ಅಂಥವರಲ್ಲಿ ಕೆಲವರು ಈ ಸಂಚಿಕೆಯ ವಾಚಕರಾಗಿಯೂ ಇರುವರು. ಬಕೀಟಿಗೆ ಹಾಕಿದ ಆ ಹನ್ನೊಂದು ಗಿಡಗಳನ್ನು ನೆನೆದಾಗಲೆಲ್ಲ ಅವರ ನೆನಪೂ ಆಗುತ್ತದೆ. ಇದಕ್ಕಿಂತ ಹೆಚ್ಚು ಹೇಳುವುದು ಅನಾವಶ್ಯಕ.

ನಮ್ಮ ಊರಿನ ನೀರು, ನಮ್ಮ ಊರಿನ ಮಣ್ಣು

ಈ ಗಿಡವನ್ನು ಮನೆಯಲ್ಲಿಯೋ ಶಾಲೆಯಲ್ಲಿಯೋ ಬೆಳೆಸಬೇಕೆನ್ನುವವರಿಗೆ ಉಪಯೋಗವಾಗಲೆಂದು ಅನುಭವಸಿದ್ಧವಾದ ಕ್ರಮವನ್ನು ಮುಂದೆ ಹೇಳುತ್ತೇನೆ.

ನಮ್ಮ ತೊಟ್ಟಿಯು ಮೂರಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂವರೆ ಅಡಿ ಎತ್ತರವಾಗಿದ್ದು, ಸುಮಾರು 150 ಲೀಟರು ನೀರನ್ನು ಹಿಡಿಯುತ್ತದೆ. ಇದಕ್ಕಿಂತ ಸಣ್ಣ ತೊಟ್ಟಿಯಲ್ಲಿಯೂ ಗಿಡ ಬೆಳೆದೀತು. ಆದರೆ ನೀರು ಕಡಿಮೆಯಿದ್ದಷ್ಟೂ ಅದರ ಉಷ್ಣತೆಯೂ ಗುಣವೂ ಬೇಗ ಏರುಪೇರಾಗುವುದರಿಂದ ಹೊಸಬರಿಗೆ ದೊಡ್ಡ ತೊಟ್ಟಿಯೇ ಲೇಸು.

ದಾವಣಗೆರೆಯಲ್ಲಿ ನಮಗೆ ಎರಡು ಬಗೆಯ ನೀರು ದೊರೆಯುತ್ತದೆ. ನಗರದ ನಲ್ಲಿಯಲ್ಲಿ ಬರುವುದು ಬಹುಪಾಲು ತುಂಗಭದ್ರೆಯ ನೀರು. ತುಂಗೆಯೂ ಭದ್ರೆಯೂ ಘಟ್ಟದಲ್ಲಿ ಹುಟ್ಟಿ ಕೂಡಲಿಯಲ್ಲಿ ಒಂದಾಗಿ ಹರಿಹರದ ಮುಂದೆ ಹರಿದುಬರುವಂಥದು. ಇನ್ನೊಂದು ಕೊಳವೆಬಾವಿಯ ನೀರು. ಇದನ್ನು ಕಾಯಿಸಿದ ಪಾತ್ರೆಯ ಒಳಗೆ ಬಿಳಿಯ ಸುಣ್ಣದ ಪದರು ಕಟ್ಟುವುದನ್ನು ಸರಸ್ವತಿ ನಗರದ ಗೃಹಿಣಿಯರೆಲ್ಲರೂ ಬಲ್ಲರು. ಗೂಢಗದೆಯು ಮಧ್ಯಮ ಗಡಸುತನವನ್ನು ಸಹಿಸುತ್ತದೆಯಾದರೂ ಅತಿ ಗಡಸು ನೀರಿನಲ್ಲಿ ಸೊರಗುತ್ತದೆ. ಆದುದರಿಂದ ಹೊಳೆಯ ನೀರೇ ಉತ್ತಮ. ನಲ್ಲಿಯ ನೀರಿಗೆ ಕ್ಲೋರಿನ್ ಬೆರೆಸಿರುವುದರಿಂದ ಅದನ್ನು ಬಾಯಗಲವಾದ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟು ಆಮೇಲೆ ಉಪಯೋಗಿಸಬೇಕು. ವಾರಕ್ಕೊಮ್ಮೆ ನಾಲ್ಕನೆಯ ಒಂದು ಪಾಲು ನೀರನ್ನು ಮಾತ್ರ ಬದಲಾಯಿಸಬೇಕು. ಶುಚಿತ್ವದ ಹುರುಪಿನಲ್ಲಿ ತೊಟ್ಟಿಯನ್ನು ಪೂರ್ತಿ ಬರಿದುಮಾಡಿ ತೊಳೆಯುವುದು ಈ ಗಿಡಕ್ಕೆ ಮಾಡುವ ಅಪಕಾರಗಳಲ್ಲಿ ದೊಡ್ಡದು.

ಮಣ್ಣಿನ ವಿಷಯದಲ್ಲಿಯೂ ವಿವೇಚನೆ ಬೇಕು. ಈ ಸಸ್ಯವು ಆಹಾರವನ್ನು ಮುಖ್ಯವಾಗಿ ಬೇರಿನ ಮೂಲಕ ಹೀರುತ್ತದೆ. ಬರಿಯ ಮರಳಿನಲ್ಲಿ ನೆಟ್ಟರೆ ಸಾಯದೆ ಇರಬಹುದು, ಬೆಳೆಯುವುದಂತೂ ಇಲ್ಲ. ನಾವು ತಳದಲ್ಲಿ ಸೋಸಿದ ಕೆಮ್ಮಣ್ಣನ್ನು ಮರಳಿನೊಡನೆ ಬೆರೆಸಿ ಒಂದು ಅಂಗುಲ ಹರಡಿ, ಅದರ ಮೇಲೆ ತೊಳೆದ ಸಣ್ಣ ಮರಳನ್ನು ಎರಡು ಅಂಗುಲ ಹಾಕಿದ್ದೇವೆ. ನಮ್ಮ ಸೀಮೆಯಲ್ಲಿ ಹೇರಳವಾಗಿ ಸಿಗುವ ಎರೆಮಣ್ಣು ಹತ್ತಿಗೂ ಜೋಳಕ್ಕೂ ಶ್ರೇಷ್ಠವಾದರೂ ಈ ಕೆಲಸಕ್ಕೆ ಬಾರದು. ಅದು ನೀರಿನಲ್ಲಿ ಉಬ್ಬಿ ಕದಡುತ್ತದೆ. ಅದರಲ್ಲಿ ಸುಣ್ಣದ ಹರಳುಗಳೂ ಇರುವುದುಂಟು. ಮರಳಿನಲ್ಲಿ ಸುಣ್ಣವಿದೆಯೇ ಎಂದು ತಿಳಿಯಲು ಒಂದು ಹಿಡಿ ಮರಳಿನ ಮೇಲೆ ನಿಂಬೆಹಣ್ಣಿನ ರಸವನ್ನು ಹಿಂಡಿರಿ. ನೊರೆಯುಕ್ಕಿದರೆ ಅದನ್ನು ತೊಟ್ಟಿಗೆ ಹಾಕಬೇಡಿರಿ. ಸಗಣಿಗೊಬ್ಬರವನ್ನು ಎಂದಿಗೂ ಸೇರಿಸಕೂಡದು. ಅದು ಕೊಳೆತು ಅಮೋನಿಯ ಹುಟ್ಟಿ ಮೀನುಗಳು ಸಾಯುತ್ತವೆ, ಪಾಚಿಯು ಹೆಚ್ಚುತ್ತದೆ. ಬೇರಿನ ಬಳಿ ಹೂಳುವ ಗೊಬ್ಬರದ ಗುಳಿಗೆಗಳು ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುತ್ತವೆ. ಮೂರು ನಾಲ್ಕು ತಿಂಗಳಿಗೊಮ್ಮೆ ಒಂದೊಂದನ್ನು ಹೂತರೆ ಸಾಕು.

ನೆಡುವಾಗ ಕುಂಡದ ಹತ್ತಿಯಂತಹ ನಾರನ್ನು ಬೇರಿನಿಂದ ಮೆಲ್ಲಗೆ ಬಿಡಿಸಬೇಕು. ಅಂಗಾಂಶ ಕೃಷಿಯ ಡಬ್ಬಿಯಲ್ಲಿ ಬಂದ ಸಸಿಗಳಾದರೆ ಬೇರಿಗಂಟಿದ ಲೋಳೆಯನ್ನು ಪೂರ್ತಿ ತೊಳೆಯಬೇಕು. ಎರಡು ಮೂರು ಸಸಿಗಳನ್ನು ಒಟ್ಟಿಗೆ ಚಿಮಟದಿಂದ ಹಿಡಿದು, ಬೇರು ಪೂರ್ತಿ ಮುಚ್ಚುವಂತೆ, ಆದರೆ ಎಲೆಗಳು ಕೂಡುವ ನೆತ್ತಿಯು ಹೂತುಹೋಗದಂತೆ ಮರಳಿನಲ್ಲಿ ಇಳಿಸಬೇಕು. ಆಮೇಲೆ ಅದನ್ನು ಕದಲಿಸಬಾರದು. ಓರಣ ಸಾಲದೆಂದು ಒಂದು ಅಂಗುಲ ಆಚೆ ಸರಿಸುವುದೂ ಹೊಸದಾಗಿ ನೆಟ್ಟಂತೆಯೇ ಆಗುತ್ತದೆ. ಗಿಡವು ಕಳೆದ ತಿಂಗಳುಗಳ ಗಳಿಕೆಯನ್ನು ಕಳೆದುಕೊಂಡು ಮೊದಲಿನಿಂದ ಪ್ರಾರಂಭಿಸುತ್ತದೆ.

ಬೆಳಕು, ಪಾಚಿ, ಸಹವಾಸ

ತನ್ನ ಕುಲದ ಇತರ ಗಿಡಗಳು ನೆರಳಿನಲ್ಲಿಯೂ ಬಾಳುತ್ತವೆ. ಈ ಚಿಕ್ಕದಕ್ಕೆ ಮಾತ್ರ ಅವುಗಳಿಗಿಂತ ಹೆಚ್ಚು ಬೆಳಕು ಬೇಕು. ಆದುದರಿಂದ ಎತ್ತರದ ಗಿಡಗಳ ನೆರಳು ಬೀಳದ ಮುಂಭಾಗವೇ ಇದಕ್ಕೆ ತಕ್ಕ ಸ್ಥಳ. ಎಲ್‌ಇಡಿ ದೀಪವನ್ನು ದಿನಕ್ಕೆ ಏಳೆಂಟು ಗಂಟೆ ಉರಿಸಿದರೆ ಸಾಕು. ಕಿಟಕಿಯ ನೇರ ಬಿಸಿಲು ಬೀಳಬಾರದು. ಹೆಚ್ಚು ಹೊತ್ತು ಬೆಳಕು ಕೊಟ್ಟರೆ ಬೇಗ ಬೆಳೆದೀತೆಂಬ ಆಸೆಯಿಂದ ನಾವು ಒಮ್ಮೆ ಹನ್ನೆರಡು ಗಂಟೆ ದೀಪ ಉರಿಸಿದೆವು. ಬೆಳೆದದ್ದು ಪಾಚಿ. ಬೇಗ ಬೆಳೆಯುವ ಗಿಡದಲ್ಲಿ ಹಳೆಯ ಎಲೆಗೆ ಪಾಚಿ ಹಿಡಿಯುವ ವೇಳೆಗೆ ಹೊಸ ಎಲೆ ಮೇಲೆ ಬಂದಿರುತ್ತದೆ. ಗೂಢಗದೆಯ ಎಲೆಯು ತಿಂಗಳುಗಟ್ಟಲೆ ಅಲ್ಲಿಯೇ ಇರುವುದರಿಂದ ಪಾಚಿಗೆ ಅದು ಸುಲಭವಾದ ತಾಣ. ಆಗ ಬೆಳಕಿನ ಅವಧಿಯನ್ನು ಆರು ಗಂಟೆಗೆ ಇಳಿಸಿ, ತೀರ ಕೆಟ್ಟ ಎಲೆಗಳನ್ನು ಬುಡಕ್ಕೆ ಕತ್ತರಿಸಿ, ಮೀನಿನ ಆಹಾರವನ್ನು ಅರ್ಧಕ್ಕೆ ತಗ್ಗಿಸಿದೆವು. ಎರಡು ತಿಂಗಳಲ್ಲಿ ತೊಟ್ಟಿಯು ತಿಳಿಯಾಯಿತು.

ಹಿಂಭಾಗದಲ್ಲಿ ಹೈಡ್ರಿಲ್ಲ ಮತ್ತು ವ್ಯಾಲಿಸ್ನೇರಿಯಗಳನ್ನು ಬೆಳೆಸಿರುವುದು ಅಂದಕ್ಕಾಗಿ ಮಾತ್ರವಲ್ಲ. ಗಾಜಿನ ಫನೆಲ್ಲಿನಡಿಯಲ್ಲಿ ಹೈಡ್ರಿಲ್ಲವನ್ನಿಟ್ಟು ಆಮ್ಲಜನಕದ ಗುಳ್ಳೆಗಳನ್ನು ತೋರಿಸುವ ಪ್ರಯೋಗವನ್ನು ನಮ್ಮ ಹಳೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಅದು ನೀರಿನಲ್ಲಿ ಕರಗಿದ ಪೋಷಕಗಳನ್ನು ಬೇಗ ಹೀರಿ ಪಾಚಿಗೆ ಉಳಿಯಗೊಡುವುದಿಲ್ಲ. ವ್ಯಾಲಿಸ್ನೇರಿಯಕ್ಕೆ ಇನ್ನೂ ಹಿರಿಯ ಇತಿಹಾಸವಿದೆ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞರಾದ ರಾಬರ್ಟ್ ವಾರಿಂಗ್ಟನ್ನರು ಮೀನು, ಶಂಖದ ಹುಳು ಮತ್ತು ಈ ಸಸ್ಯ ಮೂರನ್ನೂ ಒಂದೇ ಪಾತ್ರೆಯಲ್ಲಿಟ್ಟು, ಅವು ಒಂದರಿಂದೊಂದು ಬದುಕಬಲ್ಲವೆಂದು ತೋರಿಸಿಕೊಟ್ಟರು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ಸರ ಪುಸ್ತಕವೊಂದು ಅಕ್ವೇರಿಯಂ ಎಂಬ ಹೆಸರನ್ನು ಜನಪ್ರಿಯಗೊಳಿಸಿತು. ದಾನಿಗಳ ಪ್ರಶ್ನೆಗೆ ಉತ್ತರದ ಒಂದು ಭಾಗವು ಇಲ್ಲಿದೆ. ಪ್ಲಾಸ್ಟಿಕ್ಕಿನ ಹುಲ್ಲು ನೀರನ್ನು ಶುದ್ಧಗೊಳಿಸದು, ಮೀನಿಗೆ ಉಸಿರನ್ನು ಕೊಡದು. ಮಕ್ಕಳಿಗೆ ಅದರಲ್ಲಿ ನೋಡತಕ್ಕದ್ದು ಒಂದು ದಿನದ ಮಟ್ಟಿಗೆ ಮಾತ್ರ ಇರುತ್ತದೆ.

ಮೀನುಗಳನ್ನು ಆರಿಸುವಾಗ ಬಣ್ಣಕ್ಕೆ ಮರುಳಾಗಬಾರದು. ಗೋಲ್ಡ್‌ಫಿಷ್ ಮರಳನ್ನು ಕೆದಕಿ ಗಿಡವನ್ನು ಕೀಳುತ್ತದೆ. ಸೊಳ್ಳೆಯ ಹತೋಟಿಗಾಗಿ ಆರೋಗ್ಯ ಇಲಾಖೆಯವರು ಬಳಸುವ ಗಪ್ಪಿ ಮೀನು ಚಿಕ್ಕದು, ಗಿಡದ ಗೊಡವೆಗೆ ಹೋಗದು.

ಬೇಸಗೆಯ ಪರೀಕ್ಷೆ

ಗೂಢಗದೆಯು 22ರಿಂದ 28 ಡಿಗ್ರಿ ಸೆಲ್ಸಿಯಸ್‌ವರೆಗಿನ ನೀರಿನಲ್ಲಿ ಸುಖವಾಗಿರುತ್ತದೆ. ನಮ್ಮಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಹೊರಗಿನ ಉಷ್ಣತೆಯು 40 ಡಿಗ್ರಿಯ ಸಮೀಪಕ್ಕೆ ಹೋಗುತ್ತದೆ. ಶಾಲೆಗೂ ಆಗಲೇ ರಜೆ. ಮೊದಲನೆಯ ಬೇಸಗೆಯಲ್ಲಿ ನಾವು ಎರಡು ತಪ್ಪುಗಳನ್ನು ಒಟ್ಟಿಗೆ ಮಾಡಿದೆವು. ಕೊಠಡಿಯ ಕಿಟಕಿಗಳನ್ನು ಭದ್ರವಾಗಿ ಮುಚ್ಚಿದುದರಿಂದ ತೊಟ್ಟಿಯ ನೀರು 32 ಡಿಗ್ರಿಗೇರಿತು. ಆರಿಹೋದ ನೀರಿನ ಬದಲು ಕೊಳವೆಬಾವಿಯ ನೀರನ್ನೇ ದಿನವೂ ತುಂಬಿಸಲಾಯಿತು. ನೀರು ಆರುವಾಗ ಅದರಲ್ಲಿಯ ಲವಣಗಳು ಆರಿಹೋಗುವುದಿಲ್ಲ, ತೊಟ್ಟಿಯಲ್ಲಿಯೇ ಉಳಿಯುತ್ತವೆ. ಹೀಗೆ ತಿಂಗಳೆರಡರಲ್ಲಿ ನೀರು ದಿನದಿನಕ್ಕೆ ಗಡಸಾಯಿತು. ಶಾಲೆ ತೆರೆದಾಗ ಎಲೆಗಳು ಮತ್ತೆ ಕರಗಿದ್ದವು. ಈ ಸಲ ನಾನು ಯಾವುದನ್ನೂ ಕೀಳಲಿಲ್ಲ. ಲೋಳೆಯಾದ ಎಲೆಗಳನ್ನು ಮಾತ್ರ ರಬ್ಬರಿನ ಕೊಳವೆಯಿಂದ ಹೀರಿ ತೆಗೆದೆ. ನೀರನ್ನು ವಾರವಾರವೂ ಸ್ವಲ್ಪ ಸ್ವಲ್ಪವಾಗಿ ಬದಲಾಯಿಸಿದೆ. ಶ್ರಾವಣದ ಹೊತ್ತಿಗೆ ಎಲ್ಲವೂ ಚಿಗುರಿದವು.

ಎರಡನೆಯ ಬೇಸಗೆಗೆ ಸಿದ್ಧರಾಗಿದ್ದೆವು. ತೊಟ್ಟಿಯ ಮುಚ್ಚಳವನ್ನು ತೆಗೆದು ಬಲೆ ಹೊದಿಸಿ, ನೀರಿನ ಮೇಲೆ ಗಾಳಿ ಬೀಸುವಂತೆ ಸಣ್ಣ ಫ್ಯಾನೊಂದನ್ನು ಇಟ್ಟೆವು. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ನ್ಯಾಯವೇ ಇಲ್ಲಿಯೂ. ನೀರು ಆವಿಯಾಗುವಾಗ ಶಾಖವನ್ನು ಒಯ್ಯುತ್ತದೆ. ಇದರಿಂದ ಎರಡು ಮೂರು ಡಿಗ್ರಿ ತಗ್ಗಿತು. ಆರಿದ ನೀರಿನ ಬದಲು ಹಿಂದಿನ ಮಳೆಗಾಲದಲ್ಲಿ ಡ್ರಮ್ಮಿನಲ್ಲಿ ಹಿಡಿದು ಮುಚ್ಚಿಟ್ಟಿದ್ದ ಮಳೆಯ ನೀರನ್ನು ತುಂಬಿದೆವು. ದೀಪವನ್ನು ಹಗಲಿನ ಬದಲು ಸಂಜೆ ಉರಿಸಿದೆವು. ಒಂದು ಗಿಡವೂ ಕರಗಲಿಲ್ಲ. ಬೇಸಗೆಯ ರಜೆಯಲ್ಲಿ ಸರದಿಯ ಪ್ರಕಾರ ಬಂದು ನೀರು ನೋಡಿದ ಮಕ್ಕಳ ಪಟ್ಟಿಯು ತೊಟ್ಟಿಯ ಪಕ್ಕದ ಗೋಡೆಯ ಮೇಲೆ ಈಗಲೂ ಇದೆ. ಬೇರು ಬೆಳ್ಳಗಿದೆಯೆಂದು ನನ್ನನ್ನು ತಡೆದ ವಿದ್ಯಾರ್ಥಿನಿಯ ಹೆಸರು ಅದರಲ್ಲಿ ಮೊದಲನೆಯದು.

ಲೆಕ್ಕ ಒಪ್ಪಿಸುವುದು

ಈಗ ದಾನಿಗಳಿಗೆ ಲೆಕ್ಕವನ್ನು ಒಪ್ಪಿಸುತ್ತೇನೆ. ಉಳಿದ ಗಿಡಗಳು 13. ಮೊದಲನೆಯ ವರ್ಷದ ಕೊನೆಗೆ ಅವು 19 ಆದವು. ಎರಡನೆಯ ವರ್ಷದ ಕೊನೆಗೆ, ಈ ಲೇಖನವನ್ನು ಬರೆಯುವ ದಿನ ಮಕ್ಕಳೊಡನೆ ಎಣಿಸಿದಾಗ, 46 ಆಗಿವೆ. ತೊಟ್ಟಿಯ ಮುಂಭಾಗದ ಪಟ್ಟಿಯು ಮೂರಡಿ ಉದ್ದ, ನಾಲ್ಕು ಅಂಗುಲ ಅಗಲ. ಗಿಡಕ್ಕೂ ಗಿಡಕ್ಕೂ ಸುಮಾರು ಒಂದೂಕಾಲು ಅಂಗುಲದ ಅಂತರವೆಂದರೆ ಅದನ್ನು ಮುಚ್ಚುವುದಕ್ಕೆ ಸುಮಾರು 100 ಗಿಡಗಳು ಬೇಕು. ಅರ್ಧಕ್ಕೆ ಹತ್ತಿರವಾಗಿದ್ದೇವೆ. ಗಿಡಗಳು ಹೆಚ್ಚಿದಂತೆ ಹಂಬುಗಳೂ ಹೆಚ್ಚುವುದರಿಂದ ಉಳಿದ ಅರ್ಧಕ್ಕೆ ಇಷ್ಟು ಕಾಲ ಹಿಡಿಯಲಾರದು. ಇನ್ನೊಂದು ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷ. ಒಮ್ಮೆ ಹಾಸಿಕೊಂಡ ಮೇಲೆ ಅದನ್ನು ಕತ್ತರಿಸುವ ಕೆಲಸವೂ ಇಲ್ಲ, ಬದಲಾಯಿಸುವ ವೆಚ್ಚವೂ ಇಲ್ಲ. ಮೊದಲು ಕಾಡಿಸುವ ಆ ನಿಧಾನವೇ ಆಮೇಲೆ ಅದರ ಗುಣವಾಗುತ್ತದೆ.

ಎರಡು ವಿಷಯಗಳನ್ನು ಎಲ್ಲರಲ್ಲಿಯೂ ವಿನಂತಿಸಬೇಕಾಗಿದೆ. ಮಲೆನಾಡಿನ ಹೊಳೆಗಳಿಗೆ ಹೋದಾಗ ಈ ಕುಲದ ಗಿಡಗಳು ಕಂಡರೆ ಕಿತ್ತು ತರಬೇಡಿರಿ. ಮರಳನ್ನು ಬಗೆಯುವುದರಿಂದಲೂ ದಂಡೆಯನ್ನು ಒತ್ತುವುದರಿಂದಲೂ ಹೊಳೆಯಂಚಿನ ಸಸ್ಯಗಳ ನೆಲೆಯು ಕಿರಿದಾಗುತ್ತಿದೆ. ಕೈಯಲ್ಲಿ ಬೆಳೆಸಿದವು ಅಂಗಡಿಯಲ್ಲಿ ದೊರೆಯುತ್ತಿರುವಾಗ ಹೊಳೆಯದನ್ನು ಹೊಳೆಗೇ ಬಿಡಬೇಕು. ಹಾಗೆಯೇ ತೊಟ್ಟಿಯಲ್ಲಿ ಹೆಚ್ಚಾದ ಗಿಡವನ್ನಾಗಲಿ ಮೀನನ್ನಾಗಲಿ ಕೆರೆಗೆ ಬಿಡಬಾರದು. ದಕ್ಷಿಣ ಅಮೆರಿಕದಿಂದ ಹೂವಿನ ಚೆಂದಕ್ಕಾಗಿ ತಂದ ಜಲಕುಂತಿಯು ನಮ್ಮ ಕೆರೆಗಳಿಗೆ ಏನು ಮಾಡಿದೆಯೆಂಬುದನ್ನು ಬಣ್ಣಿಸಬೇಕಾಗಿಲ್ಲ.

ಪ್ಲಾಸ್ಟಿಕ್ಕಿನ ಹುಲ್ಲಿಗಾಗಿ ಆ ಮಹನೀಯರು ಕೊಡಲೊಪ್ಪಿದ ಹಣವನ್ನು ಅವರ ಅನುಮತಿ ದೊರೆತರೆ ಮಳೆಯ ನೀರನ್ನು ಹಿಡಿದಿಡುವ ಇನ್ನೊಂದು ಡ್ರಮ್ಮಿಗೂ, ಒಂದು ಉಷ್ಣಮಾಪಕಕ್ಕೂ ವಿನಿಯೋಗಿಸಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಗಿಡಗಳು ನೂರು ತುಂಬಿದ ಮೇಲೆ ಹೆಚ್ಚಾದ ಮರಿಗಳನ್ನು ಹಳೆಯ ವಿದ್ಯಾರ್ಥಿಗಳಿಗೆ ಹಂಚಬೇಕೆಂದಿದ್ದೇವೆ. ಬೇಕಾದವರು ಶಾಲೆಯ ಕಛೇರಿಯಲ್ಲಿ ಹೆಸರನ್ನು ಬರೆಯಿಸಬಹುದು. ಕೊಂಡೊಯ್ದ ಗಿಡದ ಎಲೆಗಳು ಮೂರನೆಯ ವಾರದಲ್ಲಿ ಕರಗಿದರೆ ದಯವಿಟ್ಟು ಕೀಳಬೇಡಿರಿ; ಐದನೆಯ ವಾರದವರೆಗೆ ಕಾದು, ಆಮೇಲೆ ನನಗೆ ತಿಳಿಸಿರಿ.